ಅಲರ್ಜಿ ಮನೆತನದಿಂದ ಬರುತ್ತದಾ? ನಮ್ಮ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಬಾಗಲಕೋಟೆಯಲ್ಲಿ ಜೀವಶಾಸ್ತ್ರ ಪಾಠ ಮಾಡುವ ನನಗೆ ಕ್ಲಾಸಿನಲ್ಲಿ ಬರುವುದಕ್ಕಿಂತ ಜಾಸ್ತಿ ಪ್ರಶ್ನೆಗಳು ಹೊರಗೆ ಬರುತ್ತವೆ. ಮದುವೆ ಮನೆಯಲ್ಲಿ, ಪಾಲಕರ ಸಭೆ ಮುಗಿದ ಮೇಲೆ, ಕೆಲವು ಸಲ ವಿಜಯಪುರ, ಬೆಳಗಾವಿ ಕಡೆಯಿಂದ ಬರುವ ಪತ್ರಗಳಲ್ಲಿ. ಅದರಲ್ಲಿ ಅಲರ್ಜಿ ಮತ್ತು ವಂಶದ ಬಗ್ಗೆ ಕೇಳಿದ್ದನ್ನಷ್ಟೇ ಇಲ್ಲಿ ಸೇರಿಸಿದ್ದೇನೆ. ಪ್ರಶ್ನೆಗಳು ಕೇಳಿದವರ ಮಾತಿನಲ್ಲೇ ಇವೆ. ನಾನು ಡಾಕ್ಟರ್ ಅಲ್ಲ, ಹಾಗಾಗಿ ಯಾವ ಔಷಧಿ, ಎಷ್ಟು ಅನ್ನುವುದನ್ನು ನಿಮ್ಮ ಡಾಕ್ಟರ ಹತ್ತಿರವೇ ಕೇಳಿ.

## ಮೊದಲಿಗೆ ಕೇಳುವವು

ಅಲರ್ಜಿ ಅಂದ್ರ ಮೈಯಾಗ ಏನ ಆಗತೈತ್ರಿ?

ರೋಗಾಣುಗಳ ಜೊತೆ ಹೋರಾಡಲು ನಮ್ಮ ರಕ್ತದಲ್ಲಿ ಪ್ರತಿಕಾಯಗಳು ಇರುತ್ತವೆ. ಅವುಗಳಲ್ಲಿ ಒಂದು ಜಾತಿಯ ಹೆಸರು ಐಜಿಇ. ಇದನ್ನು 1966–67ರ ಹೊತ್ತಿಗೆ ಅಮೆರಿಕದಲ್ಲಿದ್ದ ಜಪಾನಿ ದಂಪತಿ ಕಿಮಿಶಿಗೆ ಮತ್ತು ತೆರುಕೊ ಇಶಿಜಾಕಾ, ಸ್ವೀಡನ್ನಿನಲ್ಲಿ ಯೋಹಾನ್ಸನ್ ಮತ್ತು ಬೆನ್ನಿಚ್ ಬೇರೆ ಬೇರೆಯಾಗಿ ಕಂಡುಹಿಡಿದರು. ಐಜಿಇಯ ಮುಖ್ಯ ಕೆಲಸ ಹೊಟ್ಟೆಯ ಹುಳುಗಳಂಥ ಪರಾವಲಂಬಿಗಳನ್ನು ಎದುರಿಸುವುದು. ಕೆಲವರ ಮೈ ಮಾತ್ರ ಧೂಳು, ಹೂವಿನ ಪರಾಗ, ಶೇಂಗಾ ಇಂಥ ನಿರಪಾಯದ ವಸ್ತುವಿಗೂ ಐಜಿಇ ತಯಾರು ಮಾಡಿಬಿಡುತ್ತದೆ. ಆ ಐಜಿಇ ಹೋಗಿ ಚರ್ಮ, ಮೂಗು, ಶ್ವಾಸನಾಳಗಳಲ್ಲಿ ಕಾವಲಿರುವ ಮಾಸ್ಟ್ ಕೋಶಗಳ ಮೇಲೆ ಕೂರುತ್ತದೆ. ಮತ್ತೆ ಅದೇ ವಸ್ತು ಮೈಗೆ ಸೇರಿದಾಗ ಆ ಕೋಶಗಳು ಹಿಸ್ಟಮಿನ್ ಮುಂತಾದ ರಾಸಾಯನಿಕಗಳನ್ನು ಒಮ್ಮೆಲೇ ಸುರಿಯುತ್ತವೆ. ಸೀನು, ತುರಿಕೆ, ಗಂಧೆ, ದಮ್ಮು ಎಲ್ಲ ಬರುವುದು ಆಗಲೇ.

ನಮ್ಮಪ್ಪಗ ದಮ್ಮು ಐತಿ. ನನಗೂ ಬಂದ ಬರ್ತೈತೇನ್ರಿ?

ಬಂದೇ ಬರುತ್ತದೆ ಅಂತ ಇಲ್ಲ. ಬರುವ ಸಾಧ್ಯತೆ ಜಾಸ್ತಿ, ಅಷ್ಟೇ. ಸ್ಥೂಲವಾಗಿ ಹೇಳುವುದಾದರೆ, ತಂದೆ ತಾಯಿ ಇಬ್ಬರಿಗೂ ಯಾವ ಅಲರ್ಜಿ ಇಲ್ಲದಿದ್ದರೂ 100 ಮಕ್ಕಳಲ್ಲಿ 10–15 ಮಕ್ಕಳಿಗೆ ಬರಬಹುದು. ಒಬ್ಬರಿಗೆ ಇದ್ದರೆ 30ರ ಆಸುಪಾಸು, ಇಬ್ಬರಿಗೂ ಇದ್ದರೆ 50 ದಾಟಬಹುದು. ಈ ಅಂಕಿಗಳು ಹೆಚ್ಚಾಗಿ ಪಶ್ಚಿಮದ ದೇಶಗಳ ಅಧ್ಯಯನಗಳಿಂದ ಬಂದವು ಅನ್ನುವುದು ನೆನಪಿರಲಿ. 1916ರಷ್ಟು ಹಿಂದೆಯೇ ನ್ಯೂಯಾರ್ಕಿನಲ್ಲಿ ಕುಕ್ ಮತ್ತು ವಾಂಡರ್ ವೀರ್ ಎಂಬ ವೈದ್ಯರು ತಮ್ಮ ರೋಗಿಗಳ ಮನೆತನದ ಚರಿತ್ರೆ ಬರೆದಿಟ್ಟು ನೋಡಿದಾಗ, ಸುಮಾರು ಅರ್ಧದಷ್ಟು ಜನರ ಮನೆಯಲ್ಲಿ ಮತ್ತೊಬ್ಬರಿಗೂ ಇಂಥ ತೊಂದರೆ ಇತ್ತು. ಎರಡೂ ಕಡೆಯಿಂದ ಬಂದವರಿಗೆ ಚಿಕ್ಕ ವಯಸ್ಸಿನಲ್ಲೇ ಶುರುವಾಗುವುದನ್ನೂ ಅವರು ಗಮನಿಸಿದರು.

ನಮ್ಮ ಅಜ್ಜ, ಮುತ್ತ್ಯಾ ಯಾರಿಗೂ ಇರಲಿಲ್ಲ. ನಮ್ಮ ಹುಡುಗಗ ಎಲ್ಲಿಂದ ಬಂತ್ರಿ?

ಈ ಪ್ರಶ್ನೆ ನನಗೆ ತುಂಬಾ ಮುಖ್ಯ. ವಂಶ ಮತ್ತು ಅಲರ್ಜಿಯ ನಿಜವಾದ ಸಂಬಂಧ ಇದರಲ್ಲೇ ಇದೆ.

ಕಾಂಗ್ರೆಸ್ ಕಸವನ್ನೇ ತೆಗೆದುಕೊಳ್ಳಿ. ಬದುವಿನ ಮೇಲೆ, ರಸ್ತೆ ಪಕ್ಕ, ಖಾಲಿ ಸೈಟಿನಲ್ಲಿ, ಎಲ್ಲಿ ನೋಡಿದರೂ ಇದೆ. ಆದರೆ ಇದು ನಮ್ಮ ನೆಲದ ಗಿಡವೇ ಅಲ್ಲ. ಅಮೆರಿಕ ಖಂಡದ ಗಿಡ, ನಮ್ಮ ದೇಶದಲ್ಲಿ 1950ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿದ್ದು ಅಲ್ಲಿಂದ ಎಲ್ಲ ಕಡೆ ಹರಡಿತು. ಇವತ್ತು ಹೊಲದಲ್ಲಿ ಕೆಲಸ ಮಾಡುವ ಎಷ್ಟೋ ಗಂಡಸರ ಮುಖ, ಕತ್ತು, ಮೊಣಕೈ ಮಡಿಕೆಯ ಚರ್ಮ ದಪ್ಪಗಾಗಿ, ಕಪ್ಪಾಗಿ, ರಾತ್ರಿಯೆಲ್ಲ ತುರಿಸುತ್ತದೆ. ಗಿಡದಲ್ಲಿರುವ ಪಾರ್ಥೆನಿನ್ ಎಂಬ ವಸ್ತು ಅದಕ್ಕೆ ಕಾರಣ. (ಇದು ಐಜಿಇಯಿಂದ ಆಗುವ ಅಲರ್ಜಿ ಅಲ್ಲ, ಟಿ ಕೋಶಗಳೆಂಬ ಬಿಳಿ ರಕ್ತಕಣಗಳಿಂದ ನಿಧಾನವಾಗಿ ಆಗುವಂಥದ್ದು. ಅದೇ ಗಿಡದ ಪರಾಗದಿಂದ ಸೀನು, ಮೂಗು ಸೋರುವುದು ಮಾತ್ರ ಐಜಿಇ ದಾರಿಯದ್ದು.) ಈಗ ಯೋಚಿಸಿ. ಇವರ ಮುತ್ತಜ್ಜನ ಮೈಯಲ್ಲೂ ಅದೇ ಜೀನ್‌ಗಳು ಇದ್ದಿರಬಹುದು. ಗಿಡವೇ ಇರಲಿಲ್ಲ, ತೊಂದರೆಯೂ ಬರಲಿಲ್ಲ. ಎರಡು ಮೂರು ತಲೆಮಾರಿನಲ್ಲಿ ಜೀನ್‌ಗಳು ಬದಲಾಗುವುದಿಲ್ಲ, ಸುತ್ತಲಿನ ಗಾಳಿ, ಊಟ, ಮನೆ, ಕಸ ಎಲ್ಲ ಬದಲಾಗುತ್ತವೆ.

ಅಂದರೆ ವಂಶದಿಂದ ಬರುವುದು ಪ್ರವೃತ್ತಿ ಮಾತ್ರ. ಯಾವುದಕ್ಕೆ ಅಲರ್ಜಿ, ಯಾವಾಗ ಶುರು, ಎಷ್ಟು ಜೋರು ಅನ್ನುವುದರಲ್ಲಿ ಬದುಕುವ ಜಾಗದ್ದು ದೊಡ್ಡ ಪಾಲು.

ಇದು ತಾಯಿ ಕಡೆಯಿಂದ ಬರುತ್ತೋ, ತಂದೆ ಕಡೆಯಿಂದಲೋ?

ಎರಡೂ ಕಡೆಯಿಂದ. ಪ್ರತಿ ಮಗುವೂ ಅರ್ಧ ಜೀನ್‌ಗಳನ್ನು ತಾಯಿಯಿಂದ, ಅರ್ಧ ತಂದೆಯಿಂದ ಪಡೆಯುತ್ತದೆ. ಆಸ್ತಮಾದಲ್ಲಿ, ಅಂದರೆ ದಮ್ಮಿನಲ್ಲಿ, ತಾಯಿಗೆ ಇದ್ದರೆ ಮಗುವಿಗೆ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ ಅಂತ ಹಲವು ಅಧ್ಯಯನಗಳು ತೋರಿಸಿವೆ. ಒಂಬತ್ತು ತಿಂಗಳು ಮಗು ತಾಯಿಯ ಮೈಯಲ್ಲೇ ಬೆಳೆಯುವುದೂ ಅದಕ್ಕೆ ಒಂದು ಕಾರಣ ಇರಬಹುದು. ಇಷ್ಟನ್ನೇ ಹಿಡಿದು ಸೊಸೆಗೆ ಚುಚ್ಚುವುದು ತಪ್ಪು. ಮಗ ಕೊಟ್ಟ ಅರ್ಧವೂ ಅಲ್ಲೇ ಇದೆ ಅಲ್ವಾ?

ಅಪ್ಪಗ ಧೂಳಿನ ಅಲರ್ಜಿ, ಮಗಳಿಗೆ ಇಸುಬು. ಇದು ಬ್ಯಾರೆ ರೋಗ ಅಲ್ಲೇನ್ರಿ?

ನೋಡಲು ಬೇರೆ, ಬೇರು ಬಹಳಷ್ಟು ಒಂದೇ. 2017ರಲ್ಲಿ 3,60,000ಕ್ಕೂ ಹೆಚ್ಚು ಜನರ ಜೀನ್ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನದಲ್ಲಿ ಆಸ್ತಮಾ, ಮೂಗಿನ ಅಲರ್ಜಿ, ಇಸುಬು ಈ ಮೂರಕ್ಕೂ ಸೇರಿ 136 ಜೀನ್ ವ್ಯತ್ಯಾಸಗಳು ಸಿಕ್ಕವು, ಅವುಗಳಲ್ಲಿ ಹೆಚ್ಚಿನವು ಮೂರಕ್ಕೂ ಸಂಬಂಧಪಟ್ಟವು. ಹಾಗಾಗಿ ಒಂದೇ ಮನೆಯಲ್ಲಿ ಒಬ್ಬರಿಗೆ ಚರ್ಮದಲ್ಲಿ, ಒಬ್ಬರಿಗೆ ಮೂಗಿನಲ್ಲಿ, ಇನ್ನೊಬ್ಬರಿಗೆ ಎದೆಯಲ್ಲಿ ಕಾಣಿಸಬಹುದು. ಅಪ್ಪನಿಗೆ ಧೂಳು ಆಗದಿದ್ದರೆ ಮಗಳಿಗೂ ಧೂಳೇ ಆಗಬಾರದು ಅಂತ ಏನಿಲ್ಲ.

ಹೆಣ್ಣಿನ ಮನೆತನದಾಗ ದಮ್ಮು ಐತಂತ. ಸಂಬಂಧ ಮಾಡಬಹುದೇನ್ರಿ?

ಮಾಡಿ. ದಮ್ಮು ಇದೆ ಅನ್ನುವ ಒಂದೇ ಕಾರಣಕ್ಕೆ ಸಂಬಂಧ ಬಿಡಬೇಕಾಗಿಲ್ಲ.

ಹುಡುಗಿ ನೋಡಲು ಬರುತ್ತಾರೆ ಅಂದ ದಿನ ಇನ್‌ಹೇಲರನ್ನು ತಿಜೋರಿಯಲ್ಲಿ ಸೀರೆಗಳ ಅಡಿಗೆ ತಳ್ಳಿ ಬಾಗಿಲು ಹಾಕುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ಮದುವೆಯಾದ ಮೇಲೂ ಅದು ಸೀರೆಗಳ ಅಡಿಯಲ್ಲೇ ಉಳಿಯುತ್ತದೆ. ಅತ್ತೆಯ ಮನೆಯಲ್ಲಿ ಯಾರಿಗೂ ಗೊತ್ತಾಗಬಾರದು ಅಂತ ಹುಡುಗಿ ಔಷಧಿ ತಪ್ಪಿಸುತ್ತಾಳೆ, ಒಲೆಯ ಮುಂದೆ ಕೂತು ಕೆಮ್ಮು ನುಂಗುತ್ತಾಳೆ, ತೀರಾ ಜೋರಾದ ಮೇಲೆ ರಾತ್ರಿ ಆಸ್ಪತ್ರೆಗೆ ಓಡಬೇಕಾಗುತ್ತದೆ. ಕಾಯಿಲೆಗಿಂತ ಈ ಮುಚ್ಚಿಡುವಿಕೆಯೇ ಹೆಚ್ಚು ಹಾನಿ ಮಾಡುತ್ತದೆ. ಗಂಡಿನ ಮನೆಯವರಿಗೆ ನನ್ನ ಕೋರಿಕೆ ಇಷ್ಟೇ: ನಿಮ್ಮ ಮನೆಯಲ್ಲೂ ವರ್ಷಪೂರ್ತಿ ಸೀನುವ ಕಾಕಾ, ಪಿತ್ತದ ಗಂಧೆ ಏಳುವ ಅತ್ಯಾ ಒಬ್ಬರಾದರೂ ಇದ್ದೇ ಇರುತ್ತಾರೆ, ಹುಡುಗನಲ್ಲೂ ಆ ಜೀನ್‌ಗಳು ಇರಬಹುದು. ಸರಿಯಾಗಿ ಔಷಧಿ ತೆಗೆದುಕೊಂಡರೆ ಆಸ್ತಮಾ ಇರುವವರು ಹೊಲದ ಕೆಲಸ, ನೌಕರಿ, ಬಾಣಂತನ ಎಲ್ಲ ಮಾಡುತ್ತಾರೆ. ಇನ್‌ಹೇಲರ್ ಹೊರಗೆ, ಕೈಗೆ ಸಿಗುವಲ್ಲಿ ಇರಲಿ.

## ಸ್ವಲ್ಪ ಒಳಗೆ ಹೋದರೆ

ಅಲರ್ಜಿ ಜೀನ್ ಅಂತ ಯಾವುದಾದರೂ ಒಂದಿದೆಯಾ ಮೇಡಂ?

ಒಂದೇ ಅಂತ ಇಲ್ಲ. ಪಿಯು ಪುಸ್ತಕದಲ್ಲಿ ಓದುವ, ಒಂದು ಜೀನ್ ಒಂದು ಗುಣ ಅನ್ನುವ ಮೆಂಡೆಲನ ಬಟಾಣಿಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನೂರಾರು ಜೀನ್ ವ್ಯತ್ಯಾಸಗಳು, ಒಂದೊಂದರದ್ದೂ ಚಿಕ್ಕ ಪರಿಣಾಮ. ಜೋಳದ ರೊಟ್ಟಿಯ ಊಟದಲ್ಲಿ ಪಲ್ಯ, ಚಟ್ನಿ, ಕಾಳು ಒಂದೊಂದೂ ಖಾರಕ್ಕೆ ಸ್ವಲ್ಪ ಸ್ವಲ್ಪ ಸೇರಿಸುವ ಹಾಗೆ, ಎಲ್ಲ ಸೇರಿದಾಗ ಒಬ್ಬರ ಪ್ರವೃತ್ತಿ ಎಷ್ಟು ಅಂತ ಆಗುತ್ತದೆ.

ಕೆಲವನ್ನು ಹೆಸರಿಸಬಹುದು. 5ನೇ ವರ್ಣತಂತುವಿನ (ಕ್ರೋಮೋಸೋಮ್, ಜೀನ್‌ಗಳನ್ನು ಹೊತ್ತ ಎಳೆ) ಮೇಲೆ ಇಂಟರ್‌ಲ್ಯೂಕಿನ್-4, 5 ಮತ್ತು 13ರ ಜೀನ್‌ಗಳು ಅಕ್ಕಪಕ್ಕದಲ್ಲಿವೆ. ಇವುಗಳಲ್ಲಿ 4 ಮತ್ತು 13, ಪ್ರತಿಕಾಯ ತಯಾರಿಸುವ ಬಿ ಕೋಶಗಳಿಗೆ ಐಜಿಇ ಮಾಡು ಅಂತ ಹೇಳುವ ಸಂದೇಶಗಳು. 6ನೇ ವರ್ಣತಂತುವಿನ ಮೇಲೆ ಎಚ್‌ಎಲ್‌ಎ ಜೀನ್‌ಗಳಿವೆ. ಹೊರಗಿನಿಂದ ಬಂದ ವಸ್ತುವಿನ ಚೂರನ್ನು ಟಿ ಕೋಶಕ್ಕೆ ಹಿಡಿದು ತೋರಿಸುವ ಕೆಲಸ ಅವುಗಳದ್ದು, ಮತ್ತು ಯಾವ ಚೂರು ಚೆನ್ನಾಗಿ ಹಿಡಿಯುತ್ತದೆ ಅನ್ನುವುದು ಒಬ್ಬರಿಂದ ಒಬ್ಬರಿಗೆ ಬೇರೆ. 17ನೇ ವರ್ಣತಂತುವಿನ ಮೇಲೆ ಒಆರ್‌ಎಂಡಿಎಲ್3 ಎಂಬ ಜೀನ್ ಇರುವ ಜಾಗ ಮಕ್ಕಳ ಆಸ್ತಮಾಗೆ ಸಂಬಂಧಪಟ್ಟಿದೆ ಅಂತ 2007ರಲ್ಲಿ ಗೊತ್ತಾಯಿತು. ಇದಲ್ಲದೆ ಇಂಟರ್‌ಲ್ಯೂಕಿನ್-33, ಟಿಎಸ್‌ಎಲ್‌ಪಿ ಎಂಬ ಜೀನ್‌ಗಳೂ ಇವೆ. ಚರ್ಮಕ್ಕೋ ಶ್ವಾಸನಾಳಕ್ಕೋ ಪೆಟ್ಟಾದಾಗ ಒಳಗಿನ ಕೋಶಗಳನ್ನು ಎಬ್ಬಿಸುವ ಸಂಕೇತಗಳು ಇವುಗಳಿಂದ ಬರುತ್ತವೆ.

ಕೂಸಿನ ಚರ್ಮ ಒಡೀತೈತಿ, ಅದಕ್ಕೂ ಮುಂದ ದಮ್ಮು ಬರೂದಕ್ಕೂ ಏನ ಸಂಬಂಧ?

ಸಂಬಂಧ ಇದೆ, ಅದನ್ನು ಬಿಡಿಸಿದ್ದು ಜೀನ್ ಸಂಶೋಧನೆಯೇ. ಚರ್ಮದ ಮೇಲ್ಪದರವನ್ನು ಬಿಗಿಯಾಗಿ, ತೇವವಾಗಿ ಇಡುವ ಫಿಲಾಗ್ರಿನ್ ಎಂಬ ಪ್ರೋಟೀನ್ ಇದೆ. ಅದರ ಜೀನ್ ಕೆಟ್ಟವರಿಗೆ ಇಸುಬು ಬರುವ ಸಾಧ್ಯತೆ ಬಹಳ ಹೆಚ್ಚು ಅಂತ 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ತಂಡ ತೋರಿಸಿತು. ಅಲ್ಲಿಯವರೆಗೆ ಹೆಚ್ಚಿನವರು ರಕ್ತದಲ್ಲೇ ತಪ್ಪು ಹುಡುಕುತ್ತಿದ್ದರು.

ಇದನ್ನು ಮನೆಯಲ್ಲೇ ಹತ್ತಿರದಿಂದ ನೋಡಬಹುದು. ಚಳಿಗಾಲದಲ್ಲಿ ಮಗುವಿನ ಮೊಣಕಾಲ ಕೆಳಗಿನ ಚರ್ಮ ಮೀನಿನ ಪೊರೆಯಂತೆ ಸಣ್ಣ ಸಣ್ಣ ಹಕ್ಕಳೆಯಾಗಿ ಏಳುತ್ತಿದೆಯಾ? ಅಂಗೈಯನ್ನು ಬೆಳಕಿಗೆ ಹಿಡಿದರೆ, ವಿಶೇಷವಾಗಿ ಹೆಬ್ಬೆರಳ ಬುಡದಲ್ಲಿ, ಸಾಮಾನ್ಯಕ್ಕಿಂತ ಜಾಸ್ತಿ ಗೆರೆಗಳು ಕಾಣುತ್ತವಾ? ಅಪ್ಪ ಅಮ್ಮನ ಅಂಗೈಯೂ ಹಾಗೇ ಇದೆಯಾ? ಇವು ಫಿಲಾಗ್ರಿನ್ ಕೊರತೆಯ ಲಕ್ಷಣಗಳು. ಚರ್ಮ ಬಿಟ್ಟುಕೊಂಡಾಗ ಧೂಳು, ಊಟದ ಪ್ರೋಟೀನ್ ಎಲ್ಲ ಒಳಗೆ ಇಳಿದು ಐಜಿಇ ತಯಾರಾಗಲು ದಾರಿಯಾಗುತ್ತದೆ, ಕೆಲವು ಮಕ್ಕಳಿಗೆ ಮುಂದೆ ಮೂಗು, ಎದೆಗೂ ತಟ್ಟುತ್ತದೆ. ಅಂಥ ಮಗುವಿಗೆ ಸಬಕಾರ ಕಡಿಮೆ ಮಾಡಿ, ಸ್ನಾನ ಆದ ಕೂಡಲೇ ವಾಸನೆ ಇಲ್ಲದ ಮುಲಾಮು ಹಚ್ಚಿ. ಒಡೆದ ಚರ್ಮಕ್ಕೆ ಶೇಂಗಾ ಎಣ್ಣೆ ಮಾತ್ರ ಬೇಡ. ಶೇಂಗಾ ಎಣ್ಣೆ ಸೇರಿದ ಕ್ರೀಮು ಹಚ್ಚಿದ ಮಕ್ಕಳಲ್ಲಿ ಶೇಂಗಾ ಅಲರ್ಜಿ ಹೆಚ್ಚಾಗಿದ್ದನ್ನು ಇಂಗ್ಲೆಂಡಿನ ಅಧ್ಯಯನವೊಂದು 2003ರಲ್ಲಿ ತೋರಿಸಿದೆ.

ಮನ್ಯಾಗ ಒಬ್ಬರಿಗೆ ಶೇಂಗಾ ಆಗೂದಿಲ್ಲ. ಸಣ್ಣ ಕೂಸಿಗೆ ಕೊಡೂದ ಬ್ಯಾಡೇನ್ರಿ?

ಶೇಂಗಾ ಹಿಂಡಿ, ಶೇಂಗಾ ಹೋಳಿಗೆ ಇಲ್ಲದ ಮನೆ ನಮ್ಮ ಕಡೆ ಇಲ್ಲ, ಹಾಗಾಗಿ ಇದು ಸಣ್ಣ ಪ್ರಶ್ನೆ ಅಲ್ಲ.

ವಂಶದ ಪಾಲು ದೊಡ್ಡದೇ. 2000ದಲ್ಲಿ ಪ್ರಕಟವಾದ ಅವಳಿಗಳ ಅಧ್ಯಯನದಲ್ಲಿ, ಒಬ್ಬರಿಗೆ ಶೇಂಗಾ ಅಲರ್ಜಿ ಇದ್ದಾಗ ಇನ್ನೊಬ್ಬರಿಗೂ ಇದ್ದದ್ದು ತದ್ರೂಪಿ ಅವಳಿಗಳಲ್ಲಿ ಶೇಕಡಾ 64, ಸಾಮಾನ್ಯ ಅವಳಿಗಳಲ್ಲಿ ಶೇಕಡಾ 7 ಮಾತ್ರ. ಆದರೆ 2015ರಲ್ಲಿ ಲಂಡನ್ನಿನ ಪ್ರಯೋಗವೊಂದರಲ್ಲಿ ಇಸುಬೋ ಮೊಟ್ಟೆ ಅಲರ್ಜಿಯೋ ಇದ್ದ, ಅಂದರೆ ಅಪಾಯ ಹೆಚ್ಚಿದ್ದ ಕೂಸುಗಳಿಗೆ 4ರಿಂದ 11 ತಿಂಗಳ ಒಳಗೆ ಶೇಂಗಾ ತಿನ್ನಿಸಲು ಶುರು ಮಾಡಿದರು. 5 ವರ್ಷದ ಹೊತ್ತಿಗೆ, ದೂರ ಇಟ್ಟ ಮಕ್ಕಳಿಗಿಂತ ತಿಂದ ಮಕ್ಕಳಲ್ಲಿ ಅಲರ್ಜಿ ಸುಮಾರು ಶೇಕಡಾ 80ರಷ್ಟು ಕಡಿಮೆ ಇತ್ತು. ಹುಟ್ಟಿದ ಮೇಲೆ ಯಾರೂ ಅವರ ಜೀನ್ ಬದಲಿಸಲಿಲ್ಲ!

ಮಗುವಿಗೆ ಜೋರು ಇಸುಬು ಇದ್ದರೆ ಅಥವಾ ಬೇರೆ ಊಟದ ಅಲರ್ಜಿ ಈಗಾಗಲೇ ಇದ್ದರೆ ಮೊದಲು ಡಾಕ್ಟರಿಗೆ ತೋರಿಸಿ ಶುರು ಮಾಡಿ. ಇಡೀ ಕಾಳು ಯಾವತ್ತೂ ಬೇಡ, ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ನುಣ್ಣಗೆ ಅರೆದದ್ದನ್ನು ತೆಳ್ಳಗೆ ಮಾಡಿ ಕೊಡಿ. ಏನಾದರೂ ತಿಂದ ಸ್ವಲ್ಪ ಹೊತ್ತಿಗೆ ಮೈಯೆಲ್ಲ ಗಂಧೆ ಎದ್ದು, ತುಟಿ ಊದಿ, ಉಸಿರು ಕಟ್ಟಿದರೆ ಮನೆಮದ್ದು ಹುಡುಕುತ್ತಾ ಕೂರಬೇಡಿ. ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಬೇಕಾಗುತ್ತದೆ. 108ಕ್ಕೆ ಫೋನ್ ಮಾಡಿ.

ಬಸುರಿದ್ದಾಗ ನಂಜಿನದ್ದು ತಿಂದಿದ್ದಕ್ಕ ಕೂಸಿಗೆ ಹಿಂಗಾತಂತ ಅತ್ತಿ ಅಂತಾರ. ಖರೇನ?

ಖರೆ ಅಲ್ಲ. ತಾಯಿ ಬಸುರಿನಲ್ಲೋ ಬಾಣಂತನದಲ್ಲೋ ಬದನೆಕಾಯಿ, ಮೊಟ್ಟೆ, ಶೇಂಗಾ ಬಿಟ್ಟರೆ ಮಗುವಿಗೆ ಅಲರ್ಜಿ ತಪ್ಪುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ. ಬಾಣಂತಿಗೆ ಬೇಕಾದ ಪೌಷ್ಟಿಕ ಊಟ ಮಾತ್ರ ತಪ್ಪುತ್ತದೆ. ಬಿಡಬೇಕಾದದ್ದು ಹೊಗೆ. ಬಸುರಿಯ ಪಕ್ಕ ಕೂತು ಬೀಡಿ ಸೇದುವುದು ನಿಲ್ಲಲಿ.

ಹಳ್ಳ್ಯಾಗ ದನದ ಕೊಟಿಗ್ಯಾಗ ಬೆಳೆದ ಹುಡುಗರಿಗೆ ಅಲರ್ಜಿ ಬರೂದಿಲ್ಲಂತಲ್ಲ?

ಬರುವುದೇ ಇಲ್ಲ ಅಂತಲ್ಲ, ಕಡಿಮೆ. ಅಮೆರಿಕದಲ್ಲಿ ಅಮಿಶ್ ಮತ್ತು ಹಟರೈಟ್ ಎಂಬ ಎರಡು ರೈತ ಸಮುದಾಯಗಳಿವೆ. ಮೂಲ ಯುರೋಪು, ಜೀನ್‌ಗಳು ಬಹಳ ಹತ್ತಿರ. ಅಮಿಶರು ಇಂದಿಗೂ ಕುದುರೆ ಕಟ್ಟಿ ಉಳುತ್ತಾರೆ, ಮಕ್ಕಳು ಕೊಟ್ಟಿಗೆಯಲ್ಲೇ ಆಡುತ್ತಾರೆ. ಹಟರೈಟರದ್ದು ದೊಡ್ಡ ಯಂತ್ರಗಳ ಫಾರ್ಮು, ಮಕ್ಕಳು ದನಗಳಿಂದ ದೂರ. 2016ರ ಅಧ್ಯಯನದಲ್ಲಿ ಮಕ್ಕಳ ಆಸ್ತಮಾ ಅಮಿಶರಲ್ಲಿ ಶೇಕಡಾ 5ರ ಹತ್ತಿರ, ಹಟರೈಟರಲ್ಲಿ ಶೇಕಡಾ 21ರ ಹತ್ತಿರ. ಕೊಟ್ಟಿಗೆಯ ಧೂಳಿನ ಸೂಕ್ಷ್ಮಜೀವಿಗಳ ಅಂಶ ಚಿಕ್ಕಂದಿನಲ್ಲೇ ಮೈಗೆ ಸಹನೆ ಕಲಿಸುತ್ತದೆ ಅನ್ನುವುದು ಅದರ ವಿವರಣೆ.

ಮೇಲೆ ಹೇಳಿದ 17ನೇ ವರ್ಣತಂತುವಿನ ಜಾಗದ್ದು ಇನ್ನೂ ಸ್ವಾರಸ್ಯ. ಅಲ್ಲಿ ಅಪಾಯ ಹೆಚ್ಚಿಸುವ ಜೀನ್ ರೂಪ ಇರುವ ಮಗು ಹೊಗೆ ತುಂಬಿದ ಮನೆಯಲ್ಲಿ ಬೆಳೆದರೆ ಆಸ್ತಮಾ ಸಾಧ್ಯತೆ ಮತ್ತಷ್ಟು ಏರುತ್ತದೆ, ಆದರೆ ಅದೇ ರೂಪ ಇರುವ ಮಕ್ಕಳಿಗೆ ಕೊಟ್ಟಿಗೆಯ ಒಡನಾಟದಿಂದ ಲಾಭವಾಗುವುದೂ ಕಂಡುಬಂದಿದೆ.

ಈಗಾಗಲೇ ದಮ್ಮು ಇರುವ ಮಗುವನ್ನು ಮಾತ್ರ ವಾಸಿಯಾಗಲಿ ಅಂತ ಕೊಟ್ಟಿಗೆಗೋ ಜೋಳದ ರಾಶಿ ನಡೆಯುವ ಕಣಕ್ಕೋ ಕಳಿಸಬೇಡಿ. ಅಲ್ಲಿಯ ಧೂಳಿಗೆ ದಮ್ಮು ಕೆರಳುತ್ತದೆ.

ರಕ್ತ ತಪಾಸಣ್ಯಾಗ ಐಜಿಇ ಭಾಳ ಜಾಸ್ತಿ ಬಂದೈತಿ. ವಂಶದ ಅಲರ್ಜಿ ಅಂತನ ಅರ್ಥೇನ್ರಿ?

ಅದೊಂದರಿಂದ ಹೇಳಲಾಗದು. ಹೊಟ್ಟೆಯಲ್ಲಿ ಹುಳು ಇದ್ದರೂ ಒಟ್ಟು ಐಜಿಇ ಏರುತ್ತದೆ. ಬರಿಗಾಲಲ್ಲಿ ಹೊಲದಲ್ಲಿ ಓಡಾಡುವ ಮಕ್ಕಳಲ್ಲಿ ಇದು ಅಪರೂಪ ಅಲ್ಲ. ನಿರ್ದಿಷ್ಟ ವಸ್ತುವಿಗೆ ಐಜಿಇ ಇದೆಯಾ, ಆ ವಸ್ತು ತಾಗಿದಾಗ ನಿಜವಾಗಿ ತೊಂದರೆ ಆಗುತ್ತದಾ, ಎರಡನ್ನೂ ಸೇರಿಸಿ ನೋಡಬೇಕು. ರಿಪೋರ್ಟಿನ ಒಂದು ಅಂಕಿ ನೋಡಿ ಮಗುವಿನ ತಟ್ಟೆಯಿಂದ ಹಾಲು, ಮೊಟ್ಟೆ, ಗೋಧಿ ಎಲ್ಲ ತೆಗೆದುಬಿಡುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

## ಇನ್ನೂ ಆಳದವು

ನಮ್ಮಲ್ಲಿ ಅಕ್ಕನ ಮಗಳನ್ನ, ಸೋದರಮಾವನ್ನ ಮಾಡ್ಕೋತಾರ. ಒಳಸಂಬಂಧದಿಂದ ಅಲರ್ಜಿ ಜಾಸ್ತಿ ಆಗತೈತೇನ್ರಿ?

ಸಾಮಾನ್ಯ ಅಲರ್ಜಿಗೆ ಇದು ನೇರ ಕಾರಣ ಅಂತ ಹೇಳಲು ಬರುವುದಿಲ್ಲ. ಆದರೆ ಅಪರೂಪದ ಕೆಲವು ಕಾಯಿಲೆಗಳಲ್ಲಿ ಸಂಬಂಧ ಸ್ಪಷ್ಟ. ಡಾಕ್8 ಎಂಬ ಜೀನ್ ಅದಕ್ಕೆ ಉದಾಹರಣೆ, ಇದರ ಕಾಯಿಲೆ 2009ರಲ್ಲಿ ಗೊತ್ತಾಯಿತು. ಒಂದು ಪ್ರತಿ ಕೆಟ್ಟಿದ್ದರೆ ಏನೂ ಆಗುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ಕೆಟ್ಟ ಪ್ರತಿಯೇ ಬಂದರೆ ಮಗುವಿಗೆ ಜೋರು ಇಸುಬು, ಹಲವು ಊಟದ ಅಲರ್ಜಿ, ವಿಪರೀತ ಐಜಿಇ, ಜೊತೆಗೆ ಪದೇ ಪದೇ ಸೋಂಕು, ಮೈತುಂಬ ನರೂಲಿ. ಒಂದೇ ಅಜ್ಜ ಅಜ್ಜಿಯ ರಕ್ತ ಎರಡೂ ಕಡೆಯಿಂದ ಬಂದಾಗ ಒಂದೇ ಕೆಟ್ಟ ಪ್ರತಿ ಎರಡು ಸಲ ಸಿಗುವ ಸಾಧ್ಯತೆ ಏರುತ್ತದೆ. ಅಲರ್ಜಿಯ ಜೊತೆ ನ್ಯುಮೋನಿಯಾ, ಕಿವಿ ಸೋರುವುದು, ಕುರು ಪದೇ ಪದೇ ಆಗುತ್ತಿದ್ದರೆ, ತಂದೆ ತಾಯಿ ರಕ್ತಸಂಬಂಧಿಗಳು ಅನ್ನುವುದನ್ನು ಸಂಕೋಚ ಬಿಟ್ಟು ಡಾಕ್ಟರಿಗೆ ಹೇಳಿ.

ಆಸ್ತಮಾ ಶೇಕಡಾ 60–70 ವಂಶವಾಹಿ ಅಂತ ಓದಿದೆ. ಅಂದರೆ ನನ್ನ ಆಸ್ತಮಾದಲ್ಲಿ 70 ಭಾಗ ಜೀನ್, 30 ಭಾಗ ಧೂಳಾ?

ಹಾಗಲ್ಲ. ಆ ಅಂಕಿ ಒಬ್ಬ ವ್ಯಕ್ತಿಯದ್ದಲ್ಲ, ಒಂದು ಜನಸಮೂಹದ್ದು. ಆ ಜನರಲ್ಲಿ ಒಬ್ಬರಿಗೆ ಇದ್ದು ಇನ್ನೊಬ್ಬರಿಗೆ ಇಲ್ಲದ ವ್ಯತ್ಯಾಸಕ್ಕೆ ಜೀನ್ ವ್ಯತ್ಯಾಸ ಎಷ್ಟು ಕಾರಣ ಅಂತ ಮಾತ್ರ ಅದು ಹೇಳುತ್ತದೆ. ಒಂದು ಊರಿನಲ್ಲಿ ಅರ್ಧ ಮನೆಗಳಲ್ಲಿ ಕಟ್ಟಿಗೆ ಒಲೆ, ಅರ್ಧ ಮನೆಗಳಲ್ಲಿ ಗ್ಯಾಸ್ ಇದೆ ಅನ್ನಿ. ಹೊಗೆಯಿಂದಲೇ ಬಹಳ ವ್ಯತ್ಯಾಸ ಆಗುತ್ತದೆ. ನಾಳೆ ಎಲ್ಲರ ಮನೆಗೂ ಗ್ಯಾಸ್ ಬಂತು. ದಮ್ಮಿನವರ ಸಂಖ್ಯೆ ಇಳಿಯುತ್ತದೆ, ಆದರೆ ಉಳಿದ ವ್ಯತ್ಯಾಸಕ್ಕೆ ಜೀನ್‌ಗಳೇ ಹೆಚ್ಚು ಕಾರಣ ಆಗುವುದರಿಂದ ಈ ಶೇಕಡಾ ಅಂಕಿ ಏರುತ್ತದೆ. ಜೀನ್‌ಗಳು ಇದ್ದಲ್ಲೇ ಇವೆ. ಅಂಕಿ ದೊಡ್ಡದು ಅಂದ ಮಾತ್ರಕ್ಕೆ ತಡೆಯಲು ಆಗದು ಅಂತ ಅರ್ಥ ಅಲ್ಲ.

ಜೊಲ್ಲು ಕಳಿಸಿದರ ಅಲರ್ಜಿ ಜೀನ್ ಹೇಳ್ತಾರಂತ. ಮಾಡಸಬೇಕಾ?

ಸಾಮಾನ್ಯ ಅಲರ್ಜಿಗಾಗಿ ದುಡ್ಡು ಹಾಕಬೇಡಿ ಅಂತಲೇ ನನ್ನ ಸಲಹೆ. ದೊಡ್ಡ ಅಧ್ಯಯನಗಳು ಹೆಚ್ಚಾಗಿ ಯುರೋಪಿನ ಮೂಲದವರ ಮೇಲೆ ನಡೆದಿವೆ. ಫಿಲಾಗ್ರಿನ್ ಜೀನಿನಲ್ಲೂ ಯುರೋಪಿನವರಲ್ಲಿ ಸಾಮಾನ್ಯವಾಗಿ ಕಾಣುವ ದೋಷಗಳು ಬೇರೆ, ಏಷ್ಯಾದವರವು ಬೇರೆ. ಅವರ ಲೆಕ್ಕ ನಮಗೆ ಸರಿಯಾಗಿ ಹೊಂದುವುದಿಲ್ಲ. ಮನೆಯಲ್ಲಿ ಯಾರಿಗೆ ಏನಿದೆ, ಯಾವ ವಯಸ್ಸಿಗೆ ಶುರುವಾಯಿತು ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋದರೆ ಡಾಕ್ಟರಿಗೆ ಅದೇ ಹೆಚ್ಚು ಉಪಯೋಗ.

ಮಾತ್ರೆ ತಗೊಂಡಾಗ ಮೈ ಸುಲಿಯುವುದೂ ವಂಶದಿಂದಲೇ ಬರುತ್ತಾ?

ಕೆಲವು ಮಾತ್ರೆಗಳಲ್ಲಿ ಹೌದು, ಇಲ್ಲಿ ಒಂದೇ ಜೀನಿನ ಪಾಲು ತುಂಬಾ ದೊಡ್ಡದು. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್‌ನಿಂದ ಚರ್ಮ ಸುಲಿಯುವ ಸ್ಟೀವನ್ಸ್–ಜಾನ್ಸನ್ ಕಾಯಿಲೆ ಬರುವುದಕ್ಕೂ ಎಚ್‌ಎಲ್‌ಎ-ಬಿ 15:02 ಎಂಬ ಜೀನ್ ರೂಪಕ್ಕೂ ಇರುವ ಸಂಬಂಧ 2004ರಲ್ಲಿ ತೈವಾನಿನಲ್ಲಿ ಗೊತ್ತಾಯಿತು, ಭಾರತದ ರೋಗಿಗಳಲ್ಲೂ ಕಂಡಿದೆ. ಸಂಧಿವಾತದಲ್ಲಿ ಯೂರಿಕ್ ಆಮ್ಲ ಇಳಿಸುವ ಅಲೋಪ್ಯುರಿನಾಲ್‌ಗೆ ಬಿ 58:01, ಎಚ್‌ಐವಿಗೆ ಕೊಡುವ ಅಬಕವಿರ್‌ನ ತೀವ್ರ ಅಲರ್ಜಿಗೆ ಬಿ 57:01 ಹೀಗೇ ಸಂಬಂಧಪಟ್ಟಿವೆ. ಅಬಕವಿರ್ ಶುರು ಮಾಡುವ ಮೊದಲು ಈ ಪರೀಕ್ಷೆ ಮಾಡುವುದು ಈಗ ರೂಢಿ. ಇದು ಐಜಿಇ ದಾರಿ ಅಲ್ಲ, ಟಿ ಕೋಶಗಳದ್ದು, ಹಾಗಾಗಿ ವಾರಗಳ ನಂತರವೂ ಬರಬಹುದು. ಹೊಸ ಮಾತ್ರೆ ಶುರುವಾದ ಮೇಲೆ ಜ್ವರ, ಬಾಯಿಹುಣ್ಣು, ಕಣ್ಣು ಕೆಂಪು, ಚರ್ಮದ ಮೇಲೆ ಗುಳ್ಳೆ ಕಂಡರೆ ತಡ ಮಾಡದೆ ದೊಡ್ಡ ಆಸ್ಪತ್ರೆಗೆ ಹೋಗಿ. ಒಡಹುಟ್ಟಿದವರಿಗೂ ಅದೇ ರೂಪ ಇರಬಹುದು, ಅದಕ್ಕೇ ಆ ಮಾತ್ರೆಯ ಹೆಸರು ಮನೆಯಲ್ಲಿ ಎಲ್ಲರಿಗೂ ಗೊತ್ತಿರಲಿ.

ಜೀನ್ ತಿದ್ದಿ ಅಲರ್ಜಿಯನ್ನ ಪೂರ್ತಿ ತೆಗೆಯೋಕೆ ಆಗುತ್ತಾ?

ಸಾಮಾನ್ಯ ಅಲರ್ಜಿಯಲ್ಲಿ ಆಗುವುದಿಲ್ಲ. ನೂರಾರು ಜಾಗದಲ್ಲಿ ತಿದ್ದಬೇಕು, ಮತ್ತು ಆ ಜೀನ್‌ಗಳಿಗೆ ಮೈಯಲ್ಲಿ ಬೇರೆ ಕೆಲಸವೂ ಇದೆ. ಡಾಕ್8 ಕಾಯಿಲೆಯ ಮಕ್ಕಳಿಗೆ ಅಸ್ಥಿಮಜ್ಜೆ (ಮೂಳೆಯೊಳಗೆ ರಕ್ತದ ಕೋಶಗಳನ್ನು ತಯಾರಿಸುವ ಭಾಗ) ಬದಲಿಸುತ್ತಾರೆ, ಸೋಂಕು ಮತ್ತು ಇಸುಬು ಚೆನ್ನಾಗಿ ಇಳಿಯುತ್ತದೆ. ಅಸ್ಥಿಮಜ್ಜೆ ಪಡೆದ ಕೆಲವರಿಗೆ ದಾನಿಯ ಅಲರ್ಜಿಯೇ ಬಂದ ಉದಾಹರಣೆಗಳೂ ಇವೆ, ಅಲರ್ಜಿಯ ನೆನಪು ರಕ್ತದ ಕೋಶಗಳಲ್ಲಿ ಇರುತ್ತದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಅಲರ್ಜಿ ಸಂಶೋಧನೆಯ ಲಾಭ ಔಷಧಿಯ ರೂಪದಲ್ಲಿ ಬರುತ್ತಿದೆ. ಐಜಿಇಯನ್ನೇ ಹಿಡಿಯುವ ಒಮಾಲಿಜುಮಾಬ್ 2003ರಲ್ಲಿ, ಇಂಟರ್‌ಲ್ಯೂಕಿನ್-4 ಮತ್ತು 13ರ ಸಂದೇಶ ತಡೆಯುವ ಡುಪಿಲುಮಾಬ್ 2017ರಲ್ಲಿ, ಟಿಎಸ್‌ಎಲ್‌ಪಿ ತಡೆಯುವ ಟೆಜೆಪೆಲುಮಾಬ್ 2021ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದವು. ಬೆಲೆ ತುಂಬಾ ದುಬಾರಿ, ಬೇಕಾಗುವುದು ತೀವ್ರ ಕಾಯಿಲೆಯ ಕೆಲವರಿಗೆ ಮಾತ್ರ. ಆಸ್ತಮಾ ಇರುವ ಹೆಚ್ಚಿನವರಿಗೆ ದಿನನಿತ್ಯದ ಸ್ಟಿರಾಯ್ಡ್ ಇನ್‌ಹೇಲರ್ ಸಾಕು, ಚಿಕ್ಕ ಮಕ್ಕಳಿಗೆ ಸ್ಪೇಸರ್ (ಇನ್‌ಹೇಲರಿಗೆ ಜೋಡಿಸುವ ಕೊಳವೆ) ಹಚ್ಚಿ. ಇನ್‌ಹೇಲರ್ ಎಳೆಯುವ ಕ್ರಮ ತಪ್ಪಿದರೆ ಔಷಧಿ ಬಾಯಲ್ಲೇ ಉಳಿಯುತ್ತದೆ. ಮುಂದಿನ ಸಲ ಹೋದಾಗ ನಿಮ್ಮ ಇನ್‌ಹೇಲರ್ ಜೊತೆಗೇ ಒಯ್ದು ಡಾಕ್ಟರ ಎದುರಿಗೆ ಒಮ್ಮೆ ಎಳೆದು ತೋರಿಸಿ.